ತೂಕದಮ್ಮ ಮರೆತ ನೂರೈವತ್ತು ಕಿಲೋ

ಲಾರಿಯವರ ಬಾಯಲ್ಲಿ ಅವರು ತೂಕದಮ್ಮ. ಮನೆಯವರೂ ಈಗ ಹಾಗೇ ಕರೆಯುತ್ತಾರೆ, ಸ್ವಲ್ಪ ನಗುತ್ತಾ. ಕಾರ್ಖಾನೆಗಳ ಬೀದಿ ಮುಗಿದು ಹೆದ್ದಾರಿ ಶುರುವಾಗುವ ಕಡೆ ನೆಲದ ಮಟ್ಟಕ್ಕೆ ಕೂರಿಸಿದ, ಲಾರಿ ತೂಗುವ ಉದ್ದನೆಯ ಉಕ್ಕಿನ ಹಾಸು. ಅದರ ಪಕ್ಕ ಒಂದು ಮೇಜು, ಒಂದು ಫ್ಯಾನು, ಒಬ್ಬರಿಗಷ್ಟೇ ಜಾಗವಿರುವ ಕೋಣೆ. ಇಪ್ಪತ್ತೆರಡು ವರ್ಷದಿಂದ ಆ ವೇಬ್ರಿಡ್ಜಿನ ಕಿಟಕಿಯಲ್ಲಿ ಕಾಣುವ ಮುಖ ಅವರದೇ. ಈಗ ವಯಸ್ಸು ಐವತ್ಮೂರು.

ಕೆಲಸದಲ್ಲಿ ಅವರು ಹೆಚ್ಚು ಬಳಸುವ ಮಾತು ಒಂದೇ: "ಇಳೀರಿ." ಲಾರಿ ಹಾಸಿನ ಮೇಲೆ ನಿಂತ ಕೂಡಲೇ ಕಿಟಕಿಯಿಂದ ತಲೆ ಹಾಕಿ ಹಾಗೆನ್ನುತ್ತಾರೆ. ಡ್ರೈವರ್ ಇಳಿಯಬೇಕು, ಕ್ಲೀನರ್ ಇಳಿಯಬೇಕು. ಖಾಲಿ ಲಾರಿ ತೂಗುವಾಗ ಇಳಿದು, ತುಂಬಿದ ಲಾರಿ ತೂಗುವಾಗ ಸೀಟಿನಲ್ಲೇ ಕೂತರೆ ಆಸಾಮಿಯ ಮೈತೂಕವೂ ಜಲ್ಲಿಯ ಲೆಕ್ಕಕ್ಕೆ ಸೇರಿಹೋಗುತ್ತದೆ. ಅದಕ್ಕೇ ಈ ಕಟ್ಟುನಿಟ್ಟು. ಒಮ್ಮೆ ಬಸ್ಸಿನಲ್ಲಿ ತೂಕಡಿಸುತ್ತಿದ್ದವರು ಎಚ್ಚರವಾದ ಭರದಲ್ಲಿ ಪಕ್ಕದ ಸೀಟಿನವನಿಗೆ "ಇಳೀರಿ" ಅಂದುಬಿಟ್ಟರಂತೆ. ಪಾಪ, ಅವನು ಇಳಿದೇ ಹೋದ. ಇದು ಮನೆಯಲ್ಲಿ ಇವತ್ತಿಗೂ ಹೇಳಿಕೊಂಡು ನಗುವ ಕತೆ.

ಅವರ ಯಂತ್ರ ಹತ್ತು ಹತ್ತು ಕಿಲೋ ಲೆಕ್ಕದಲ್ಲಿ ತೋರಿಸುತ್ತದೆ. ಹತ್ತು ಕಿಲೋಗಿಂತ ಸಣ್ಣ ಸುಳ್ಳು ನನ್ನ ಮಿಷನ್ನಿಗೆ ಕಾಣಲ್ಲ, ಅದಕ್ಕಿಂತ ದೊಡ್ಡದನ್ನ ನಾನು ಬಿಡಲ್ಲ ಎಂದು ಅವರು ಹೇಳುವುದುಂಟು. ಅವರು ಕೊಟ್ಟ ಚೀಟಿಯನ್ನು ಮತ್ತೊಂದು ಕಡೆ ಹೋಗಿ ಪರೀಕ್ಷಿಸಿದವರು ಕಡಿಮೆ.

ಅವರಿಗೆ ಒಬ್ಬ ಅಕ್ಕ. ಆಸ್ಪತ್ರೆಯ ವಾರ್ಡಿನಲ್ಲಿ ಮೂವತ್ತನಾಲ್ಕು ವರ್ಷ ನರ್ಸ್ ಆಗಿದ್ದು, ಹೋದ ವರ್ಷ ನಿವೃತ್ತರಾದವರು. ಭಾವ ಶಾಲಾ ಬಸ್ಸಿನ ಡ್ರೈವರ್ ಆಗಿದ್ದವರು, ಜೀವಮಾನವಿಡೀ ಒಂದೇ ದಾರಿಯಲ್ಲಿ ಹೋಗಿ ಬಂದವರು. ಇಬ್ಬರಿಗೂ ಒಂದು ಹಳೆಯ ಆಸೆ: ಮನೆಯನ್ನು ಬೆನ್ನಿಗೆ ಕಟ್ಟಿಕೊಂಡು ಒಂದು ವರ್ಷ ತಿರುಗಬೇಕು, ಮೊದಲು ಸಮುದ್ರ ನೋಡಬೇಕು. ಆಸೆ ಇಬ್ಬರದು, ಹಟ ಅಕ್ಕನದು. ಹೊರಡುವ ದಿನ ಮೂರು ಸಲ ಗೊತ್ತಾಗಿ ಮೂರು ಸಲವೂ ತಪ್ಪಿತ್ತು. ಒಮ್ಮೆ ಭಾವನ ಕಣ್ಣಿನ ಪೊರೆ, ಒಮ್ಮೆ ಗಾಡಿಯ ಕ್ಲಚ್ಚು, ಇನ್ನೊಮ್ಮೆ ಏನೂ ಇಲ್ಲ, ಭಾವನಿಗೆ ಮನಸ್ಸು ಬರಲಿಲ್ಲ. ಮೂರನೆಯ ಸಲ ಅಕ್ಕ ಜಗಳವಾಡಲಿಲ್ಲ. ಇನ್ನೊಂದು ಸಲ ಮುಂದೂಡಿದರೆ ನಾನು ಒಬ್ಬಳೇ ಬಸ್ಸು ಹತ್ತುತ್ತೇನೆ ಎಂದು ಹೇಳಿ ಬಟ್ಟೆ ಮಡಚತೊಡಗಿದರು. ಭಾವ ಹೆದರಿದ್ದು ಆಗಲೇ.

ಅವರು ಕೊಂಡಿದ್ದು ಹಳೆಯ ಪಿಕಪ್. ಬೀದಿಯಲ್ಲಿ ಅದಕ್ಕೆ "ಒಂದು ಟನ್ ಗಾಡಿ" ಎಂದೇ ಹೆಸರು. ಅದರ ಹಿಂದಿನ ತೊಟ್ಟಿಯಲ್ಲಿ ಕೂರುವಂತೆ ಬಾಡಿ ಕಟ್ಟುವವನೊಬ್ಬ ಕ್ಯಾಂಪರ್ ಎಂಬ ಪುಟ್ಟ ಮನೆ ಮಾಡಿಕೊಟ್ಟಿದ್ದ. ಎರಡು ಕಿಟಕಿ, ಇಬ್ಬರಿಗೆ ಮಂಚ, ಒಲೆ, ಹಿಂಬಾಗಿಲ ಕೆಳಗೆ ನೂರು ಲೀಟರಿನ ನೀರಿನ ಟ್ಯಾಂಕು. ಬಾಗಿಲ ಮೇಲೆ ಒಂದು ತಗಡು: "ಖಾಲಿ ತೂಕ ೬೯೦ ಕಿಲೋ." ಭಾವನ ಲೆಕ್ಕ ಅಲ್ಲಿಗೆ ಮುಗಿದಿತ್ತು. ಗಾಡಿ ಹೊರುವುದು ಒಂದು ಟನ್, ಮನೆಯ ತೂಕ ಏಳುನೂರೂ ಇಲ್ಲ, ಇನ್ನೂ ಮುನ್ನೂರು ಕಿಲೋ ನಮ್ಮದೇ.

ತೂಕದಮ್ಮ ಒಪ್ಪಲಿಲ್ಲ. ಒಂದು ಟನ್ ಅನ್ನುವುದು ಗಾಡಿಯ ಅಡ್ಡಹೆಸರು, ಅದನ್ನು ನಂಬಿ ಸಾಮಾನು ಹೇರುತ್ತಾರಾ ಎಂದರು. ಡ್ರೈವರ್ ಕಡೆಯ ಬಾಗಿಲು ತೆಗೆದು ಬಾಗಿಲ ಕಂಬದ ಮೇಲಿನ ತಗಡಿನ ಧೂಳು ಒರೆಸಿ ಓದಿದರು. ಗಾಡಿ, ಸಾಮಾನು ಎಲ್ಲ ಸೇರಿ ಎರಡು ಸಾವಿರದ ಒಂಬೈನೂರ ಐವತ್ತು ಕಿಲೋ ದಾಟುವಂತಿಲ್ಲ. ಬರೀ ಗಾಡಿಯನ್ನೇ ತೂಗಿದಾಗ ಸಾವಿರದ ಎಂಟುನೂರ ಅರವತ್ತು. ಉಳಿದದ್ದು ಸಾವಿರದ ತೊಂಬತ್ತು. ಅದರಲ್ಲೇ ಎಲ್ಲವೂ ಮುಗಿಯಬೇಕು.

"ಹಾಗಾದ್ರೆ ಸರಿಯೇ ಇದೆಯಲ್ಲ," ಎಂದರು ಭಾವ.

"ಖಾಲಿ ತೂಕ ಅಂದ್ರೆ ಅಂಗಡಿಯಲ್ಲಿ ನಿಂತಾಗಿನ ತೂಕ, ಭಾವ. ನೀವೇನು ಅಂಗಡಿಯಲ್ಲಿ ಸಂಸಾರ ಮಾಡ್ತೀರಾ? ನೀರು ತುಂಬಿಸಿ, ಸಿಲಿಂಡರ್ ಇಡಿ, ಹಾಸಿಗೆ ಹಾಸಿ, ಆಮೇಲೆ ಬನ್ನಿ."

ಹೊರಡುವ ಹಿಂದಿನ ದಿನ ಮಧ್ಯಾಹ್ನ ಎಲ್ಲ ತುಂಬಿಕೊಂಡು ಬಂದರು. ಆರುನೂರ ತೊಂಬತ್ತರ ಮನೆ ಸಾವಿರದ ನಲವತ್ತಾಗಿತ್ತು. ಕಿಟಕಿಯ ಕೆಂಪು ಅಂಕಿ ಎರಡು ಸಾವಿರದ ಒಂಬೈನೂರಕ್ಕೆ ನಿಂತಿತು. ಮಿತಿಗೆ ಇನ್ನೂ ಐವತ್ತು ಕಿಲೋ ಇದೆ ಎಂದು ತೂಕದಮ್ಮ ಚೀಟಿ ತೆಗೆದು ಕೊಟ್ಟರು. ಅಕ್ಕ ಹಾಸಿನ ಪಕ್ಕದಲ್ಲಿ ನಿಂತು ಗಾಡಿಯ ಫೋಟೋ ತೆಗೆಯುತ್ತಿದ್ದರು. ಭಾವ ಟೈರಿಗೆ ಒರಗಿ ಚೀಟಿ ಓದಿ ಜೇಬಿಗಿಟ್ಟುಕೊಂಡರು.

ಬೆಳಗ್ಗೆ ಆರಕ್ಕೆ ಇಬ್ಬರೂ ಹೊರಟರು.

ಎಂಟೂವರೆಗೆ ವೇಬ್ರಿಡ್ಜಿಗೆ ಒಂದು ಜಲ್ಲಿ ಲಾರಿ ಬಂತು. ತೂಕದಮ್ಮ ಎಂದಿನಂತೆ ತಲೆ ಹಾಕಿದರು. ಪಕ್ಕದ ಸೀಟಿನಲ್ಲಿದ್ದ ಮಾಲೀಕನ ಕಾಲಿಗೆ ಮಂಡಿಯವರೆಗೆ ಪ್ಲಾಸ್ಟರ್. ಇಳಿಸಬೇಡಿ ಅಮ್ಮಾ, ಹತ್ತಿ ಕೂರೋದಕ್ಕೇ ಅರ್ಧ ಗಂಟೆ ಬೇಕು, ನಂದು ಎಪ್ಪತ್ತು ಕಿಲೋ, ಕಳೆದುಬಿಡಿ ಎಂದ. ಆಗಲಿ ಎಂದು ತೂಕದಮ್ಮ ಚೀಟಿಯ ಮೇಲೆ ಎಪ್ಪತ್ತು ಎಂದು ಬರೆದರು. ಕಳೆಯುವ ಗೆರೆ ಎಳೆಯಲು ಪೆನ್ನು ಇಟ್ಟವರು ಅಲ್ಲೇ ನಿಂತರು.

ಭಾವ ಎಂಬತ್ತನಾಲ್ಕು ಕಿಲೋ. ಅಕ್ಕ ಅರವತ್ತಾರು. ನಿನ್ನೆ ತೂಗುವಾಗ ಇಬ್ಬರೂ ಕೆಳಗಿದ್ದರು.

ಲಾರಿಗೆ ಆ ಪದ್ಧತಿ ಸರಿ. ಅಲ್ಲಿ ತೂಗುವುದು ಸರಕನ್ನು. ಇಲ್ಲಿ ಗಾಡಿ ಹೊರಬೇಕಾಗಿದ್ದು ಅವರನ್ನೂ ಸೇರಿಸಿ. ಐವತ್ತು ಕಿಲೋ ಉಳಿದಿದೆ ಎಂದು ತಾವೇ ಬರೆದುಕೊಟ್ಟ ಗಾಡಿ ಈಗ ನೂರು ಕಿಲೋ ಹೆಚ್ಚು ಹೊತ್ತು ಓಡುತ್ತಿತ್ತು. ಮುಂದಿನ ದಾರಿ ಅವರಿಗೆ ಗೊತ್ತಿತ್ತು. ಸಮತಟ್ಟಾದ ರಸ್ತೆ ಮುಗಿದ ಮೇಲೆ ಹನ್ನೆರಡು ತಿರುವಿನ ಇಳಿಜಾರು. ಬ್ರೇಕ್ ಸುಟ್ಟುಕೊಂಡು ಬಂದ ಲಾರಿಗಳನ್ನು ಅವರು ವಾರಕ್ಕೊಂದಾದರೂ ನೋಡುತ್ತಾರೆ, ವಾಸನೆಯಲ್ಲೇ ಗುರುತು ಹಿಡಿಯುತ್ತಾರೆ.

ಫೋನ್ ಎತ್ತಿದವರು ಭಾವ. ಇಳಿಜಾರಿಗೆ ಸ್ವಲ್ಪ ಮುಂಚೆ ರಸ್ತೆ ಬದಿಯಲ್ಲಿ ಚಹಾಕ್ಕೆ ನಿಂತಿದ್ದರು. ವಿಷಯ ಕೇಳಿ ಮೊದಲು ನಕ್ಕರು. ಆಮೇಲೆ ನಗು ಕೋಪವಾಯಿತು. ಸರಿ ಇದೆ ಅಂದವಳೂ ನೀನೇ, ಸರಿ ಇಲ್ಲ ಅನ್ನುವವಳೂ ನೀನೇ, ನಾವೇನು ಚೆಂಡಾ ಎಂದರು. ಇಲ್ಲೇ ಎದುರಿಗೆ ಸ್ಪ್ರಿಂಗ್ ರಿಪೇರಿಯವನಿದ್ದಾನೆ, ಹಿಂದಿನ ಸ್ಪ್ರಿಂಗಿಗೆ ಎರಡು ಉಕ್ಕಿನ ಪಟ್ಟಿ ಹೆಚ್ಚು ಹಾಕಿಸಿಕೊಂಡು ಹೋಗುತ್ತೇವೆ, ಹಾಕಿದರೆ ಆನೆನೂ ಕೂರಬಹುದು ಅಂತಾನೆ ಎಂದೂ ಸೇರಿಸಿದರು.

ಆನೆ ಕೂರುತ್ತೆ, ಗಾಡಿ ನಿಲ್ಲಲ್ಲ ಎಂದರು ತೂಕದಮ್ಮ. ಪಟ್ಟಿ ಹಾಕಿದರೆ ಹಿಂಭಾಗ ಕುಸಿಯದೆ ನೆಟ್ಟಗೆ ಕಾಣಬಹುದು. ಆದರೆ ಆಕ್ಸಲ್ ಅದೇ, ಬ್ರೇಕು ಅದೇ, ಟೈರು ಅದೇ, ಬಾಗಿಲ ಕಂಬದ ಮೇಲಿನ ಅಂಕಿಯೂ ಅದೇ. ಪಟ್ಟಿಯ ತೂಕ ಮಾತ್ರ ಹೊಸದಾಗಿ ಸೇರುತ್ತದೆ.

"ನೂರು ಕಿಲೋ ತಾನೇ," ಎಂದರು ಭಾವ. "ಮೂವತ್ತೈದು ವರ್ಷ ಮಕ್ಕಳನ್ನ ಹೊತ್ತು ತಿರುಗಿದವನು ನಾನು."

"ಒಂದು ಮಗು ಜಾಸ್ತಿ ಹತ್ತಿದ್ರೆ ಬಸ್ ಎತ್ತಲ್ಲ ಅಂತ ಹೆಡ್ಮಿಸ್ ಹತ್ರ ಜಗಳಕ್ಕೆ ನಿಂತೋರು ಯಾರು ಭಾವ?"

ಆ ಕಡೆ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು. ಫೋನು ಅಕ್ಕನ ಕೈಗೆ ಹೋಯಿತು.

"ಇದು ನಿಜಾನಾ, ಇಲ್ಲ ನಿನ್ನ ಭಯಾನಾ?" ಎಂದು ಅಕ್ಕ ಕೇಳಿದರು.

"ನಿಜ ಅಕ್ಕ. ಇಳೀರಿ ಅಂದವಳು ನಾನೇ. ತಪ್ಪು ನಂದು."

ಅಕ್ಕ ಗಂಟೆ ಎಷ್ಟೆಂದು ಭಾವನನ್ನು ಕೇಳಿದರು. "ಸರಿ, ಬರ್ತೀವಿ. ಆದ್ರೆ ಮನೆಗಲ್ಲ ಕಣೇ, ನಿನ್ನ ವೇಬ್ರಿಡ್ಜಿಗೆ. ಮನೆ ಬೀಗ ತೆಗೆದ್ರೆ ನಿನ್ನ ಭಾವ ಒಳಗೆ ಸೇರ್ಕೊಂಡುಬಿಡ್ತಾರೆ, ಇನ್ನೊಂದು ಸಲ ನಾನು ಹೊರಡಿಸಲಾರೆ. ಬೆಳಕಿರೋವಾಗಲೇ ಇಳಿಜಾರು ದಾಟಬೇಕು. ಅಷ್ಟರೊಳಗೆ ಕಳಿಸ್ತೀಯಾ?"

ಮಧ್ಯಾಹ್ನ ಎರಡು ಹೊಡೆಯುವುದರೊಳಗೆ ಕಳಿಸುತ್ತೇನೆ ಎಂದು ತೂಕದಮ್ಮ ಮಾತು ಕೊಟ್ಟರು. ಬರುವಾಗ ನಲವತ್ತು ದಾಟಬೇಡಿ ಎಂದೂ ಹೇಳಿದರು.

ಗಾಡಿ ಹಾಸಿನ ಮೇಲೆ ಬಂದು ನಿಂತಾಗ ಹನ್ನೊಂದು. ಇಬ್ಬರೂ ಅಭ್ಯಾಸದಂತೆ ಬಾಗಿಲು ತೆಗೆದರು. "ಕೂತಿರಿ," ಎಂದರು ತೂಕದಮ್ಮ. ಹಿಂದೆ ಸಾಲುಗಟ್ಟಿದ್ದ ಲಾರಿಯವರಿಗೆ ಅದು ಹೊಸ ಮಾತು. ನನ್ನ ತೂಕವನ್ನು ಊರಿಗೆಲ್ಲ ಕಾಣುವ ಕೆಂಪು ದೀಪದಲ್ಲಿ ಹಾಕಬೇಕಿತ್ತಾ ಎಂದು ಅಕ್ಕ ಗೊಣಗಿದರು. ಇಬ್ಬರದೂ ಸೇರಿಸಿ ಬರುತ್ತದೆ, ಹೆಚ್ಚಿನ ಪಾಲು ನಂದೇ ಅಂದುಕೊಳ್ಳುತ್ತಾರೆ ಬಿಡು ಎಂದು ಭಾವ ಸಮಾಧಾನ ಹೇಳಿದರು. ಅವರ ಕೋಪ ದಾರಿಯಲ್ಲೇ ಅರ್ಧ ಇಳಿದಿತ್ತು.

ಮೂರು ಸಾವಿರದ ಐವತ್ತು.

ತೂಕದಮ್ಮ ಅಲ್ಲಿಗೆ ಬಿಡಲಿಲ್ಲ. ಗಾಡಿಯನ್ನು ಮುಂದಕ್ಕೆ ಬಿಡಿಸಿ ಹಿಂದಿನ ಚಕ್ರಗಳನ್ನಷ್ಟೇ ಹಾಸಿನ ಮೇಲೆ ನಿಲ್ಲಿಸಿದರು. ಹಿಂದಿನ ಆಕ್ಸಲ್ ಹೊರಬಹುದಾದದ್ದು ಸಾವಿರದ ಎಂಟುನೂರು, ಹೊತ್ತಿದ್ದು ಸಾವಿರದ ಎಂಟುನೂರ ಎಂಬತ್ತು. ನೀರಿನ ಟ್ಯಾಂಕು ತೀರಾ ಹಿಂದಿರುವುದರಿಂದ ಅದು ಚಕ್ರವನ್ನು ಒತ್ತಿ ಮೂತಿಯನ್ನು ಎತ್ತುತ್ತಿತ್ತು. ಮೂಗಿಗಿಂತ ಮೂಗುತಿ ಭಾರ ಎಂದರು ಅಕ್ಕ.

ನಿನ್ನೆಯ ಚೀಟಿಯನ್ನು ಭಾವನಿಂದ ಇಸಕೊಂಡು ತೂಕದಮ್ಮ ಅದರ ಮೇಲೆ "ರದ್ದು" ಎಂದು ಬರೆದು ಸಹಿ ಹಾಕಿದರು. ಮರಳು ಲಾರಿಯ ಡ್ರೈವರ್ ಒಬ್ಬ ಅದನ್ನು ನೋಡುತ್ತಾ ನಿಂತಿದ್ದ.

"ತೂಕದಮ್ಮನೂ ತಪ್ಪು ತೂಗ್ತಾರಾ?"

"ತೂಕ ತಪ್ಪಿಲ್ಲಪ್ಪ. ತೂಗಿದ್ದು ತಪ್ಪು. ನಿಂತು ನೋಡೋ ಬದಲು ಒಂದು ಕೈ ಹಾಕು."

ಅವನು ಕೈ ಹಾಕಿದ. ಇನ್ನಿಬ್ಬರು ಬಂದರು. ಮೊದಲು ಇಳಿದದ್ದು ನೀರು. ಲೀಟರಿಗೊಂದು ಕಿಲೋ, ದಾರಿಯಲ್ಲೆಲ್ಲ ನಲ್ಲಿ ಇರುವಾಗ ಹೊತ್ತು ತಿರುಗುವುದು ಯಾಕೆ ಎಂದು ಎಪ್ಪತ್ತು ಲೀಟರ್ ಬೇಲಿಯ ಗಿಡಗಳಿಗೆ ಬಿಟ್ಟರು. ಮೂವತ್ತರ ಮಟ್ಟಕ್ಕೆ ಟ್ಯಾಂಕಿನ ಮೇಲೆ ಪೇಂಟಿನಲ್ಲಿ ಗೆರೆ ಎಳೆದರು. ಸಂಜೆ ಹೊರಗೆ ಕೂರಲೆಂದು ಭಾವ ಮಾಡಿಸಿದ್ದ ಮಡಚುವ ಕಬ್ಬಿಣದ ಬೆಂಚು ಮೂವತ್ತು ಕಿಲೋ, ಅದೂ ಇಳಿಯಿತು. ಅಕ್ಕನ ಹತ್ತಿ ಹಾಸಿಗೆ ಇಪ್ಪತ್ತೆಂಟು. ಪಕ್ಕದ ಕಾರ್ಖಾನೆಯಿಂದ ಎಂಟು ಕಿಲೋದ ಫೋಮ್ ತಂದು ಆ ಜಾಗಕ್ಕೆ ಹಾಸಿದರು. ಅಕ್ಕ ಅದರ ಮೇಲೆ ಮಲಗಿ ನೋಡಿ ಎದ್ದರು. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಇದರಲ್ಲಿ ಚಾಚಬಹುದು, ಹೊರಳೋಕಾಗಲ್ಲ." ಅಷ್ಟೇ ಹೇಳಿದರು.

ಹೊತ್ತು ಹಿಡಿದಿದ್ದು ಭಾವನ ರಿಪೇರಿ ಸಾಮಾನಿನ ಪೆಟ್ಟಿಗೆ. ನಲವತ್ತೈದು ಕಿಲೋ. ಜಾಕ್ ಇರಲಿ, ವೀಲ್ ಸ್ಪ್ಯಾನರ್ ಇರಲಿ ಎಂದು ತೂಕದಮ್ಮ ತಾವೇ ಎತ್ತಿಟ್ಟರು. ಅದರ ಅಡಿಯಿಂದ ಕಾರ್ಖಾನೆಯ ಮೇಜಿಗೆ ಬಿಗಿದು ಬಿಡಿಭಾಗ ಹಿಡಿದಿಡುವಂಥ ಕಬ್ಬಿಣದ ವೈಸ್ ಒಂದು ಹೊರಬಂತು. ಸಮುದ್ರದ ದಂಡೆಯಲ್ಲಿ ಇದರಿಂದ ಏನು ಹಿಡಿಯುತ್ತೀರಿ, ಏಡಿಯಾ ಎಂದು ಮರಳು ಲಾರಿಯವನು ಕೇಳಿದ. ಬೇಕಾಗಬಹುದು ಎಂದರು ಭಾವ, ಆದರೆ ದನಿ ಸಣ್ಣದಾಗಿತ್ತು. ಮೂರು ಸುತ್ತಿಗೆಯಲ್ಲಿ ಒಂದು ಉಳಿಯಿತು. ಪೆಟ್ಟಿಗೆ ಹದಿನೈದಕ್ಕೆ ಇಳಿಯಿತು. ಅದನ್ನೂ ಹಿಂಬಾಗಿಲ ಬಳಿಯಿಂದ ತೆಗೆದು ಮುಂದಿನ ಗೋಡೆಗೆ ಒತ್ತರಿಸಿ ಕಟ್ಟಿದರು. ಟೈರಿನ ಪಕ್ಕೆಯ ಮೇಲೆ ಬರೆದಿದ್ದ ಭಾರದ ಮಿತಿ ಓದಿ, ಅದಕ್ಕೆ ತಕ್ಕಷ್ಟು ಗಾಳಿ ತುಂಬಿಸಿದರು.

ಮತ್ತೆ ಹಾಸಿನ ಮೇಲೆ. ಮತ್ತೆ ಇಬ್ಬರೂ ಒಳಗೆ ಕೂತು. ಅಂಕಿ ಏರಿ, ತೂಗಾಡಿ, ಎರಡು ಸಾವಿರದ ಒಂಬೈನೂರಕ್ಕೆ ನಿಂತಿತು. ಹಿಂದಿನ ಆಕ್ಸಲ್ ಸಾವಿರದ ಏಳುನೂರ ಐವತ್ತು.

"ಇನ್ನೂ ಐವತ್ತು ಇದೆಯಲ್ಲ," ಎಂದು ಭಾವ ಕಿಟಕಿಯಿಂದ ತಲೆ ಹೊರಹಾಕಿದರು. "ವೈಸ್ ಹದಿನಾಲ್ಕೇ ಕಿಲೋ."

"ಆ ಐವತ್ತು ಖಾಲಿ ಇರೋಕೇ ಇರೋದು, ಭಾವ. ದಾರಿಯಲ್ಲಿ ಅಕ್ಕ ಕಲ್ಲು, ಚಿಪ್ಪು ಅಂತ ಆರಿಸೋಕೆ ಶುರು ಮಾಡ್ತಾಳೆ, ನೋಡ್ತಿರಿ."

ಹೊಸ ಚೀಟಿಯ ಮೇಲೆ ಯಂತ್ರ ಅಂಕಿ ಮುದ್ರಿಸಿತು. ಅದರ ಕೆಳಗೆ ತೂಕದಮ್ಮ ಕೈಯಾರೆ ಬರೆದರು: "ಇಬ್ಬರೂ ಕೂತಿದ್ದಾಗ." ಅಕ್ಕ ಅದನ್ನು ಓದಿ ಮಡಚಿ ತಮ್ಮ ಪರ್ಸಿಗೆ ಹಾಕಿಕೊಂಡರು, ಭಾವನ ಕೈಗೆ ಕೊಡಲಿಲ್ಲ. ಆಗ ಒಂದೂವರೆ. ಹಿಂದಿನ ಲಾರಿಗಳು ದಾರಿ ಬಿಟ್ಟವು, ಪಿಕಪ್ ಹೆದ್ದಾರಿಗೆ ತಿರುಗಿತು.

ಆ ಮಧ್ಯಾಹ್ನ ತೂಕದಮ್ಮ ಇಪ್ಪತ್ತಾರು ಲಾರಿ ತೂಗಿದರು. ಒಂದೊಂದು ಲಾರಿ ಹೋದ ಮೇಲೂ ಗಡಿಯಾರ ನೋಡಿದರು. ಮೂರೂವರೆಗೆ ಮೇಲಿನ ತಿರುವು, ನಾಲ್ಕಕ್ಕೆ ನಡುವಿನದು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ನಾಲ್ಕೂಕಾಲಾದರೂ ಫೋನಿಲ್ಲ. ತಾವಾಗಿ ಮಾಡಲಿಲ್ಲ, ಓಡಿಸುವವರಿಗೆ ಫೋನ್ ಮಾಡಬಾರದು.

ನಾಲ್ಕೂ ನಲವತ್ತಕ್ಕೆ ಅಕ್ಕನ ಫೋನು ಬಂತು. ಇಳಿಜಾರು ಮುಗಿದಿತ್ತು. ಭಾವ ಉದ್ದಕ್ಕೂ ಎರಡನೇ ಗೇರಿನಲ್ಲೇ ಇಳಿಸಿದರಂತೆ, ಹಿಂದಿನವರು ಹಾರ್ನ್ ಹೊಡೆದರೂ ಜಪ್ಪಯ್ಯ ಅನ್ನಲಿಲ್ಲವಂತೆ. ಕೆಳಗೆ ನಿಲ್ಲಿಸಿ ಚಕ್ರದ ಹತ್ತಿರ ಬಗ್ಗಿ ಮೂಸಿ ನೋಡಿದರಂತೆ, ಸುಟ್ಟ ವಾಸನೆ ಇಲ್ಲ.

"ಈಗ ಏನ್ಮಾಡ್ತಿದ್ದಾರೆ?" ಎಂದು ತೂಕದಮ್ಮ ಕೇಳಿದರು.

"ಸಮುದ್ರಕ್ಕೆ ಇನ್ನೂರು ಕಿಲೋಮೀಟರ್ ಅಂತ ಒಂದು ಬೋರ್ಡು ಇದೆ. ಅದರ ಫೋಟೋ ತೆಗೀತಿದ್ದಾರೆ," ಎಂದರು ಅಕ್ಕ. "ನಾಳೆ ಬೆಳಗ್ಗೆ ಬೇಗ ಹೊರಡೋಣ ಅಂತ ಅವರೇ ಹೇಳಿದ್ರು ಕಣೇ. ನಾನು ಬಾಯೇ ಬಿಟ್ಟಿರಲಿಲ್ಲ."