ಒಂದೇ ಸಲ ಎಳೆದು ನೋಡುವುದು

ಪಕ್ಕದ ಫ್ಲ್ಯಾಟಿನವರು ಬಚ್ಚಲು ರಿಪೇರಿ ಮಾಡಿಸುತ್ತಿದ್ದಾರೆ. ಭಾನುವಾರ ಬೆಳಿಗ್ಗೆ ಕಾಫಿ ಹಿಡಿದು ಬಾಲ್ಕನಿಗೆ ಬಂದರೆ ಕಾಫಿಯ ಪರಿಮಳವನ್ನೆಲ್ಲ ಹಿಂದಕ್ಕಟ್ಟಿ, ಪ್ಲಾಸ್ಟಿಕ್ ಪೈಪಿಗೆ ಹಚ್ಚುವ ಅಂಟಿನ ಘಾಟು ಮೂಗಿಗೆ ಬಡಿಯಿತು. ಎಷ್ಟೋ ವರ್ಷಗಳಿಂದ ಪೈಪು ಜೋಡಿಸಿಯೇ ಸಂಬಳ ತೆಗೆದುಕೊಳ್ಳುತ್ತಿರುವ ನಾನು ಆ ಅಂಟನ್ನು ಕೈಯಿಂದ ಮುಟ್ಟಿದವಳಲ್ಲ. ನನ್ನ ಪೈಪುಗಳೆಲ್ಲ ಇರುವುದು ಈ ಊರಿನ ಐಟಿ ಬಡಾವಣೆ ಸೆಕ್ಟರ್ ಫೈವಿನ ಆಫೀಸಿನ ಕಂಪ್ಯೂಟರಿನೊಳಗೆ. ಕಟ್ಟಡ ಕಟ್ಟುವ ಮೊದಲೇ ಗೋಡೆ, ಕಂಬ, ಕಕ್ಕಸುಗಳ ಸಮೇತ ಅದನ್ನು ಪರದೆಯ ಮೇಲೆ ಎಬ್ಬಿಸಿ ನಿಲ್ಲಿಸುವುದು ನಮ್ಮ ಕಸುಬು. ಅದರಲ್ಲಿ ಕೊಳಾಯಿಯ ಪಾಲು ನನ್ನದು. ಅಲ್ಲಿ ಅಂಟೂ ಇಲ್ಲ, ವಾಸನೆಯೂ ಇಲ್ಲ. ಇರುವುದು ಚಿಂತೆ ಮಾತ್ರ.

ಅಂಟು ಎಂದರೆ ಜೋಡಣೆ, ಜೋಡಣೆ ಎಂದರೆ ನನಗೆ ಆಫೀಸಿನಲ್ಲಿ ಕೆಲಸ ಕಲಿಸಿದ ತಪತೀದಿ. ಹೋದ ದುರ್ಗಾಪೂಜೆಗೆ ಮೊದಲು ನಿವೃತ್ತರಾದ ದೀದಿ, "ದಕ್ಷಿಣೇಶ್ವರದಲ್ಲೇ ಮನೆ, ಒಂದು ಭಾನುವಾರ ಬಾ" ಎಂದಿದ್ದರು. ನಾನು ಹೋಗಿಲ್ಲ. ಪೂಜೆ ಮುಗಿದು ಎಲ್ಲರೂ ಶುಭಾಶಯ ಹೇಳುವ ಬಿಜೊಯಾದ ದಿನ ಒಂದು ಹೂವಿನ ಚಿತ್ರ ಕಳಿಸಿದ್ದೆ. ಅವರು ಕೈಮುಗಿದ ಚಿತ್ರ ಕಳಿಸಿದ್ದರು. ಆಮೇಲೆ ಎರಡೂ ಕಡೆ ಮೌನ. ಕೋಪವೇ? ಅಥವಾ ಆ "ಬಾ" ಎಂಬುದು ಬೀಳ್ಕೊಡುಗೆಯ ಸಮೋಸ ತಿನ್ನುತ್ತ ಎಲ್ಲರಿಗೂ ಹೇಳುವ ಮಾತಾಗಿತ್ತೇ? ಒಳ್ಳೆಯ ಸಾಧ್ಯತೆಗಳನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವವಳೇ ಅಲ್ಲ ಎಂದು ನಿಮಗೆ ಈಗಾಗಲೇ ಗೊತ್ತಾಗಿರಬೇಕು.

ಚಿಂತೆ ನನ್ನ ಹಳೆಯ ರೋಗ. ಬೀಗ ಹಾಕಿದರೆ ಎಳೆದು ನೋಡಬೇಕು, ಮೆಟ್ಟಿಲಿಳಿದು ಮತ್ತೆ ಹತ್ತಿ ಬಂದು ಇನ್ನೊಮ್ಮೆ ಎಳೆಯಬೇಕು. ನಮ್ಮ ಮನೆಯವರು ಬ್ಯಾಂಕಿನವರು. ಆದರೂ ಬೀಗಗಳ ಮೇಲೆ ಅವರಿಗೆ ಅಪಾರ ನಂಬಿಕೆ. "ಎಂತ ಮಾರಾಯ್ತಿ, ಹಾಕಿದ್ದು ನೀನೇ ಅಲ್ವಾ? ಹೀಗೇ ಎಳೀತಾ ಇದ್ರೆ ಒಂದು ದಿನ ಬಾಗಿಲೇ ಕೈಗೆ ಬರ್ತದೆ" ಎನ್ನುತ್ತಾರೆ. ಉಡುಪಿಯಿಂದ ಅವರಿಗೆ ಬಂಗಾಳಿಗಳ ಈ ಊರಿಗೆ ವರ್ಗವಾದಾಗ ಪಾತ್ರೆ ಪಗಡಿಗಳ ಜೊತೆ ಈ ರೋಗವನ್ನೂ ಕಟ್ಟಿಕೊಂಡು ಬಂದೆ.

ಆಶ್ಚರ್ಯವೆಂದರೆ, ಸೆಕ್ಟರ್ ಫೈವಿನಲ್ಲಿ ಅದಕ್ಕೆ ಬೆಲೆ ಇತ್ತು. ಕೆಲಸಕ್ಕೆ ಸೇರಿದ ಮೊದಲ ವಾರ ಪರದೆಯ ಮೇಲೆ ಎರಡು ಪೈಪು, ನಡುವೆ ಬೆಂಡು ಎಂಬ ತಿರುವಿನ ತುಂಡು ಕೂರಿಸಿ ಹೆಮ್ಮೆಯಿಂದ ತೋರಿಸಿದೆ. ತಪತೀದಿ ನನ್ನ ಹಿರಿಯ ಸಹೋದ್ಯೋಗಿ. ಎಡಗೈಯಲ್ಲಿ ಮಂಡಕ್ಕಿಯ ಸ್ಟೀಲ್ ಡಬ್ಬಿ, ಬಲಗೈಯಲ್ಲಿ ಮೌಸು. ಇಲ್ಲಿನವರು ಮುರಿ ಎನ್ನುವ ಆ ಮಂಡಕ್ಕಿಯನ್ನು ಹಸಿಮೆಣಸು ಕಚ್ಚಿಕೊಂಡು ದಿನವಿಡೀ ತಿನ್ನುವರು. ಬೆಂಡನ್ನು ಹಿಡಿದು ಪಕ್ಕಕ್ಕೆ ಎಳೆದರು. ಬೆಂಡು ಬಂತು, ಪೈಪು ಇದ್ದಲ್ಲೇ ಉಳಿಯಿತು.

"ನೋಡಿದೆಯಾ? ತಾಗಿಕೊಂಡಿದೆ ಅಷ್ಟೇ, ಸೇರಿಲ್ಲ. ಈ ಸಾಫ್ಟ್‌ವೇರಿನಲ್ಲಿ ಕಣ್ಣನ್ನು ನಂಬಬೇಡ. ಟೇನೆ ದೇಖೋ. ಎಳೆದು ನೋಡು. ಇನ್ನೊಂದು ತುದಿ ಜೊತೆಗೆ ಬಂದರೆ ಸೇರಿದೆ ಎಂದು ಅರ್ಥ."

ಎಳೆದು ನೋಡು! ಜನ್ಮವಿಡೀ ಯಾವುದಕ್ಕೆ ಬೈಸಿಕೊಂಡೆನೋ ಅದನ್ನು ಮಾಡಲು ಆಫೀಸಿನಲ್ಲಿ ಸಂಬಳ. ಸಂಜೆ ಮನೆಯವರಿಗೆ ಹೇಳಿದಾಗ ಅವರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು.

ಆದರೆ ರೋಗ ರೋಗವೇ. ಒಂದು ನರ್ಸಿಂಗ್ ಹೋಮಿನ ಕಟ್ಟಡ ಬಂತು. ಅದನ್ನು ತೋರಿಸುವ ದಿನ, ಮಧ್ಯಾಹ್ನ ಅದರ ಆರ್ಕಿಟೆಕ್ಟ್ ನೋಡಲು ಬರುವವರಿದ್ದರು. ನಾನಿನ್ನೂ ಪರೀಕ್ಷಾರ್ಥ ನೌಕರಿಯವಳು. ಮೂರನೇ ಮಹಡಿಯ ಕಕ್ಕಸಿನ ಪೈಪಿಗೂ ಕೆಳಗಿಳಿಯುವ ದೊಡ್ಡ ಪೈಪಿಗೂ ನಡುವೆ ಬೆಂಡು ಕೂರಲೊಲ್ಲದು. ಕೂರಿಸಲು ಹೋದಷ್ಟು ಸಲವೂ ಎಚ್ಚರಿಕೆಯ ಪೆಟ್ಟಿಗೆ ಮೇಲೆದ್ದು, ಜೋಡಿಸಲಾಗದು ಎನ್ನುತ್ತದೆ. ಅಳತೆ ಒಂದೇ, ಇಳಿಜಾರು ಸರಿ, ಎರಡೂ ಕೊಳೆನೀರಿನವೇ. ಅಳಿಸಿ ಮತ್ತೆ ಬಿಡಿಸಿದೆ. ಕಂಪ್ಯೂಟರ್ ಆರಿಸಿ ಹಚ್ಚಿದೆ. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಯಾವ ದೇಶದವನೋ ಪುಣ್ಯಾತ್ಮ ಇದೇ ಪ್ರಶ್ನೆ ಕೇಳಿದ್ದ. ಕೆಳಗೆ ತಾನೇ "ಸರಿಯಾಯಿತು, ಧನ್ಯವಾದ" ಎಂದು ಬರೆದು ಹೊರಟುಹೋಗಿದ್ದ. ಹೇಗೆ ಸರಿಯಾಯಿತು ಎಂದು ಬರೆಯದೆ ಹೋಗುವವರಿಗೆ ನರಕದಲ್ಲಿ ಪ್ರತ್ಯೇಕ ಕೋಣೆ ಇರಬೇಕು, ತೊಟ್ಟಿಕ್ಕುವ ನಲ್ಲಿಯ ಸಮೇತ.

"ದೀದಿ, ನನ್ನ ನೌಕರಿ ಹೋಯಿತು" ಎಂದೆ.

ದೀದಿ ಡಬ್ಬಿ ಹಿಡಿದು ಬಂದರು. ಮೇಲಿನಿಂದ ನೋಡಿದರು, ಸರಿಯಾಗಿತ್ತು. ಪಕ್ಕದಿಂದ ನೋಡಿ, ಹತ್ತಿರ, ಇನ್ನೂ ಹತ್ತಿರ ಹೋದರು. ದೊಡ್ಡ ಪೈಪು ಕೂದಲೆಳೆಯಷ್ಟು ಆಚೆ ಸರಿದಿತ್ತು.

"ಇದನ್ನು ಯಾರು ಸರಿಸಿದ್ದು?"

"ಸರಿಸಲಿಲ್ಲ ದೀದಿ. ಎಳೆದು ನೋಡಿದೆ."

"ಆಮೇಲೆ ವಾಪಸ್ ಇಟ್ಟೆಯಾ?"

"ಇಟ್ಟೆ. ಹೆಚ್ಚುಕಡಿಮೆ."

"ಎಷ್ಟು ಸಲ ಎಳೆದೆ?"

ನಾನು ಬೆರಳು ಎಣಿಸತೊಡಗಿದೆ. ದೀದಿ ನಕ್ಕ ಭರಕ್ಕೆ ಮಂಡಕ್ಕಿ ಕೀಬೋರ್ಡಿನ ಮೇಲೆಲ್ಲ ಉದುರಿತು. "ಅಯ್ಯೋ ಪಾಗಲಿ, ಹುಚ್ಚು ಹುಡುಗಿ, ನೀನು ಪರೀಕ್ಷೆ ಮಾಡಿದ್ದಲ್ಲ, ಪೈಪಿನ ಜೊತೆ ಜಗಳ ಆಡಿದ್ದು. ಒಂದು ಸಲ ಎಳಿ. ವಾಪಸ್ ಇಡು. ಆಮೇಲೆ ನಂಬು. ನಂಬುವುದೂ ಕೆಲಸದ ಭಾಗವೇ, ತಿಳಿಯಿತಾ?"

ಎರಡನ್ನೂ ಒಂದೇ ಗೆರೆಗೆ ತಂದರು. ಬೆಂಡು ತಾನಾಗಿ ಬಂದು ಕೂತಿತು. ಮಧ್ಯಾಹ್ನ ಆರ್ಕಿಟೆಕ್ಟ್ ಮಹಾಶಯರು, "ಈ ಪೈಪುಗಳನ್ನೆಲ್ಲ ಸ್ವಲ್ಪ ಎಡಕ್ಕೆ ತರಬಹುದಾ?" ಎಂದರು. ದೊಡ್ಡ ಪೈಪನ್ನು ಸರಿಸಿದೆ. ಪೂಜೆಯ ನೂಕುನುಗ್ಗಲಿನಲ್ಲಿ ಅಮ್ಮನ ಸೆರಗು ಹಿಡಿದ ಮಕ್ಕಳ ಹಾಗೆ ಐದು ಮಹಡಿಯ ಪೈಪುಗಳೂ ಹಿಂದೆಯೇ ಬಂದವು. ಕೋಣೆಯ ಹಿಂದಿನ ಸಾಲಿನಲ್ಲಿ ಯಾರೋ ಕರಕರ ಮಂಡಕ್ಕಿ ಅಗಿಯುತ್ತಿದ್ದ ಸದ್ದು. ನೌಕರಿ ಉಳಿಯಿತು.

ಪಕ್ಕದ ಮನೆಯ ಅಂಟಿನ ಘಾಟು ಇನ್ನೂ ಬರುತ್ತಲೇ ಇತ್ತು. ಹೂವಿನ ಚಿತ್ರ, ಕೈಮುಗಿದ ಚಿತ್ರ: ತಾಗಿಕೊಂಡಿದ್ದೆವು, ಸರಿ. ಸೇರಿದ್ದೆವೇ? ಮೇಲಿನಿಂದ ನೋಡಿದರೆ ಇದು ಗೊತ್ತಾಗುವುದಿಲ್ಲ ಎಂದು ಕಲಿಸಿದವರೇ ಅವರು. ಫೋನ್ ತೆಗೆದು ಬರೆದೆ: "ದೀದಿ, ಇವತ್ತು ಬರಲಾ?"

ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಉತ್ತರ ಬಂತು. "ಇಷ್ಟು ದಿನ ಎಲ್ಲಿ ಸತ್ತಿದ್ದೆ? ಬೇಗ ಬಾ. ಮುರಿ ಇದೆ, ಹಸಿಮೆಣಸು ಮುಗಿದಿದೆ, ನೀನೇ ತಾ."

"ನಿಮಗೆ ನಿಜವಾಗಿಯೂ ತೊಂದರೆ ಇಲ್ಲ ತಾನೇ?" ಎಂದು ಬೆರಳು ಆಗಲೇ ಬರೆದುಬಿಟ್ಟಿತ್ತು. ಒಂದೊಂದೇ ಅಕ್ಷರ ಅಳಿಸಿದೆ.

ಬಜಾರಿಗೆ ಹೊರಟ ಮನೆಯವರ ಜೊತೆಗೇ ಹೊರಬಿದ್ದೆ. ಬೀಗ ಹಾಕಿ, ಒಂದು ಸಲ ಎಳೆದು, ಮೆಟ್ಟಿಲಿಳಿದೆ. ಅವರು ಕೆಳಗೆ ಕಾಯುತ್ತ ನಿಂತಿದ್ದರು.

"ಆಯ್ತಾ?"

"ಆಯ್ತು."

"ಒಂದೇ ಸಲವಾ? ಹುಷಾರಿದ್ದಿ ಅಲ್ವಾ ಮಾರಾಯ್ತಿ?" ಎಂದವರು, ನಾನು ಗೇಟು ದಾಟುವಷ್ಟರಲ್ಲಿ ಮೆಲ್ಲಗೆ ಮೇಲೆ ಹತ್ತಿ ಹೋಗಿ ಬೀಗ ಎಳೆದು ನೋಡಿದ ಸದ್ದು ಕೇಳಿಸಿತು.