ಅತ್ತೆ ಬಂದೂಕು ಇಳಿಸಿದ ದಿನ

ನಮ್ಮ ಅತ್ತೆಗೆ ಬಲಗಣ್ಣಿಗಿಂತ ಎಡಗಣ್ಣಿನ ಸುತ್ತ ಸುಕ್ಕು ಹೆಚ್ಚು. ಹರೆಯದಿಂದಲೂ ಆ ಕಣ್ಣು ಮುಚ್ಚಿ ಬಂದೂಕಿನ ಗುರಿ ಹಿಡಿದದ್ದರ ಗುರುತು ಅದು. ಸ್ವೀಡನ್ನಿನಲ್ಲಿ ಸೊಸೆಯಂದಿರು ಅತ್ತೆಯನ್ನು ಹೆಸರು ಹಿಡಿದೇ ಕರೆಯುತ್ತಾರೆ. ಬೆಂಗಳೂರಿನಲ್ಲಿ ಬೆಳೆದ ನನಗೆ ನಾಲಿಗೆ ಹೊರಳಲಿಲ್ಲ, "ಅತ್ತೆ" ಎಂದೇ ಕರೆದೆ. ಅರ್ಥ ಕೇಳಿ ತಿಳಿದುಕೊಂಡ ಅವರು ಮುಂದೆ ಫೋನು ಮಾಡಿದಾಗಲೆಲ್ಲ "ನಾನು, ಅತ್ತೆ" ಎಂದೇ ಮಾತು ಶುರುಮಾಡುತ್ತಿದ್ದರು. ಅಂಥವರ ಮೇಲೆ ಹೊಟ್ಟೆಕಿಚ್ಚು ಪಡುವುದು ಕಷ್ಟ. ಆದರೂ ಪಟ್ಟೆ.

ಕಾರಣ ನನ್ನ ಗಂಡ. ಎಸ್ಕಿಲ್‌ಸ್ಟುನಾ ಪಟ್ಟಣದ ಆಚೆ, ಅತ್ತೆಯ ಮನೆ ಹತ್ತಿರದ ಎಸ್ಟೇಟಿನಲ್ಲಿ ಫೆಸೆಂಟ್ ಎಂಬ ಉದ್ದ ಬಾಲದ, ಕೋಳಿಯಂಥ ಹಕ್ಕಿಗಳನ್ನು ಬಲೆಯೊಳಗೆ ಸಾಕಿ, ಬೇಸಿಗೆ ಮುಗಿಯುವಾಗ ಕಾಡಿಗೆ ಬಿಡುತ್ತಿದ್ದರು. ಚಳಿ ಶುರುವಾದ ಮೇಲೆ ಬೇಟೆಗಾರರು ಬಂದು ಹೊಡೆಯಲೆಂದೇ ಈ ಏರ್ಪಾಡು. ಕಾಳು ಹಾಕುವ ಕೆಲಸವನ್ನು ಅತ್ತೆ ವಹಿಸಿಕೊಂಡಿದ್ದರು. ಬೇಟೆಯ ದಿನ ತಾಯಿ ಮಗ ಒಟ್ಟಿಗೆ ಹೋಗಿ ಕೆಸರು ಮೆತ್ತಿದ ಬೂಟುಗಳಲ್ಲಿ ಹಿಂತಿರುಗುತ್ತಿದ್ದರು. ನನ್ನ ಜೊತೆ ಸಂಜೆಯಿಡೀ ಫೋನು ನೋಡುತ್ತ ಕೂರುವವನು ಅಡುಗೆಮನೆಯಲ್ಲಿ ಅಮ್ಮನ ಎದುರು ಬಾಯ್ತುಂಬ ಮಾತಾಡುತ್ತಿದ್ದ.

"ಸಾಕಿದ ಹಕ್ಕೀನ ಬಿಟ್ಟು ಹೊಡೆಯೋದು ಯಾವ ಬೇಟೆ?" ಎಂದು ಒಮ್ಮೆ ಇಬ್ಬರ ಮುಂದೆಯೇ ಕೇಳಿದೆ. ಸೊಪ್ಪು ತಿನ್ನುವ ನಿನಗೆ ಇದೆಲ್ಲ ತಿಳಿಯದು ಎಂದು ಅವನು ನಕ್ಕ. ಅತ್ತೆ ಎಲ್ಲರಿಗೂ ಕಾಫಿ ಬಗ್ಗಿಸಿದರು. ಆಮೇಲೂ ಪ್ರತಿವರ್ಷ ಕೇಳುತ್ತ ಬಂದೆ. ಆ ಮಾತಿನಲ್ಲಿ ಹಕ್ಕಿಯ ಮೇಲಿನ ಕನಿಕರ ಎಷ್ಟು, ಅತ್ತೆಯ ಮೇಲಿನ ಹೊಟ್ಟೆಕಿಚ್ಚು ಎಷ್ಟು ಎಂದು ನನಗೇ ಗೊತ್ತಾಗುತ್ತಿರಲಿಲ್ಲ.

ಒಂದು ವರ್ಷ ನೋಡಿಯೇಬಿಡೋಣವೆಂದು ನಾನೂ ಹೋದೆ. ಪೊದೆಗಳನ್ನು ಬಡಿದು ಹಕ್ಕಿ ಎಬ್ಬಿಸುವವರು ಇನ್ನೂ ದೂರದಲ್ಲಿದ್ದರು. ಅಷ್ಟರಲ್ಲಿ ಕೆಂಪು ಮುಖದ ಒಂದು ಗಂಡುಹಕ್ಕಿ ತಾನಾಗಿಯೇ ನಡೆದು ಬಂದು ಅತ್ತೆಯ ಕಾಲ ಬಳಿ ನಿಂತು, ಕತ್ತೆತ್ತಿ ಅವರ ಕೈಯನ್ನೇ ನೋಡತೊಡಗಿತು. ಅತ್ತೆ ಬಂದೂಕು ಎತ್ತಲಿಲ್ಲ. ಪಕ್ಕದ ಬೇಟೆಗಾರ ಚಪ್ಪಾಳೆ ತಟ್ಟಿ ಅದನ್ನು ಹಾರಿಸಿ ಹೊಡೆದ. ಅತ್ತೆ ಹೋಗಿ ಎತ್ತಿಕೊಂಡರು. ಆಮೇಲೆ ತಮ್ಮ ಬಂದೂಕಿನ ತೋಟಾ ತೆಗೆದು ಜೇಬಿಗೆ ಹಾಕಿಕೊಂಡರು.

ಕಾರಿನಲ್ಲಿ, "ನಾನು ಇನ್ನು ಬರೋಲ್ಲ. ಅದು ಕಾಳು ಕೇಳೋಕೆ ಬಂದಿತ್ತು," ಎಂದರು.

"ಹಾಗಾದ್ರೆ ನಾನೂ ಬರೋಲ್ಲಮ್ಮ," ಎಂದ ನನ್ನ ಗಂಡ, ಒಂದು ಕ್ಷಣವೂ ತಡೆಯದೆ.

ನಾನು ಹಿಂದಿನ ಸೀಟಿನಲ್ಲಿದ್ದೆ. ಇವರಿಬ್ಬರ ಕೈಯಿಂದಲಾದರೂ ಹಕ್ಕಿಗಳು ಉಳಿದವೆಂದು ಸಮಾಧಾನಪಡಬೇಕಿತ್ತು. ಅದರ ಬದಲು ಮೈಯೆಲ್ಲ ಉರಿಯಿತು. ಇಷ್ಟು ವರ್ಷ ನಾನು ಗಂಟಲು ಹರಿದುಕೊಂಡದ್ದು ನಗೆಪಾಟಲು, ಅಮ್ಮ ಹೇಳಿದ ಒಂದೇ ಮಾತು ವೇದ.

ಎರಡು ವರ್ಷದ ಮೇಲೆ ಅತ್ತೆಗೆ ಕ್ಯಾನ್ಸರ್ ಬಂತು. ಆಸ್ಪತ್ರೆಗೆ ನಾನೇ ಹೆಚ್ಚಾಗಿ ಕರೆದೊಯ್ಯುತ್ತಿದ್ದೆ. ದಾರಿಯಲ್ಲಿ ನನ್ನ ಅಮ್ಮನ ವಿಷಯ, ಉಪ್ಪಿನಕಾಯಿಯ ವಿಷಯ ಕೇಳುತ್ತಿದ್ದರು. ಬೇಟೆಯ ಸುದ್ದಿ ಮಾತ್ರ ತೆಗೆಯಲೇ ಇಲ್ಲ. ಹಿಮ ಕರಗುವ ಹೊತ್ತಿಗೆ ತೀರಿಕೊಂಡರು.

ಮಣ್ಣು ಮಾಡಿದ ಮೇಲೆ ಚರ್ಚಿನ ಪಕ್ಕದ ಕೋಣೆಯಲ್ಲಿ ಕಾಫಿ ಇತ್ತು. ಅಂದು ಹಕ್ಕಿ ಹೊಡೆದಿದ್ದ ಮುದುಕ ನಮ್ಮಿಬ್ಬರ ಹತ್ತಿರ ಬಂದು ನನ್ನ ಕೈ ಕುಲುಕಿದ. ಬೇಟೆಯ ಗುಂಪು ಬಿಡುವಾಗ ಅತ್ತೆ ಒಬ್ಬರೇ ಸಭೆಗೆ ಹೋಗಿ ಎದ್ದು ನಿಂತು, ಸಾಕಿದ ಹಕ್ಕಿಯನ್ನು ಹೊಡೆಯುವುದು ಬೇಟೆಯಲ್ಲ ಎಂದು ತನಗೆ ಮೊದಲು ಹೇಳಿದವಳು ತನ್ನ ಸೊಸೆ ಎಂದಿದ್ದರಂತೆ.

ನನ್ನ ಗಂಡ ಬೆರಗಾಗಿ, "ಅಮ್ಮ ನನಗೆ ಹೇಳ್ಲೇ ಇಲ್ಲ," ಎಂದ.

ಊರಿಗೆಲ್ಲ ಹೇಳಿ ಮಗನೊಬ್ಬನಿಗೆ ಮಾತ್ರ ಯಾಕೆ ಹೇಳಲಿಲ್ಲವೆಂದು ನನಗೆ ತಕ್ಷಣ ಅರ್ಥವಾಯಿತು. ಅವನು ನನ್ನ ಮಾತು ಕೇಳಿ ಬದಲಾದ ಎಂದಾಗುವುದು ಅವರಿಗೆ ಬೇಡವಾಗಿತ್ತು. ನನಗಿದ್ದ ಕಿಚ್ಚೇ ಅವರಿಗೂ ಇತ್ತು. ಬದುಕಿದ್ದಾಗ ತಿಳಿದಿದ್ದರೆ ಇಬ್ಬರೂ ಕೂತು ನಗಬಹುದಿತ್ತು. ಗಂಡನಿಗೆ ಏನೂ ಹೇಳದೆ, ಮುದುಕನ ಕಾಫಿ ಲೋಟ ತೆಗೆದುಕೊಂಡು ತುಂಬಿಸಲು ಹೋದೆ.