ಆರು ಗಂಟೆ ಕಾಯದ ಸಾಯೊಕೊ

ಬೆಳಗಿನ ಐದೂಕಾಲು. ಒಸಾಕಾ ಹೊರವಲಯದ ಲೇಸರ್ ಪ್ರಯೋಗಾಲಯದಲ್ಲಿ ನೆಲಮಾಳಿಗೆಯ ಒಂದು ಕೋಣೆ ಬಿಟ್ಟರೆ ಎಲ್ಲದಕ್ಕೂ ಬೀಗ. ಆ ಕೋಣೆಯಲ್ಲಿ ಅರವತ್ತೊಂದರ ಸಾಯೊಕೊ ನಿಶಿಗಾಕಿ ಅಂಗೈಗಿಂತ ಚಿಕ್ಕದಾದ ಪ್ಲಾಸ್ಟಿಕ್ ಬಿಲ್ಲೆಯೊಂದನ್ನು ತಂತಿಗೆ ಸಿಕ್ಕಿಸಿ, ಎಂಬತ್ತು ಡಿಗ್ರಿ ಕಾದ ಕಾಸ್ಟಿಕ್ ಸೋಡಾ ನೀರಿಗೆ ಇಳಿಬಿಡುತ್ತಾರೆ. ಆಮೇಲೆ ಕೂರಬಹುದಲ್ಲ? ಕೂರುವುದಿಲ್ಲ. ಗಡಿಯಾರ ನೋಡುತ್ತಾರೆ, ತೊಟ್ಟಿ ಇಣುಕುತ್ತಾರೆ, ಬಾಗಿಲತನಕ ಹೋಗಿ ವಾಪಸು ಬರುತ್ತಾರೆ. ಉಮೆಬೋಶಿ ಎಂಬ ಉಪ್ಪುಹುಳಿ ಹಣ್ಣು ಇಟ್ಟ ಅನ್ನದ ಉಂಡೆಯನ್ನೂ ನಿಂತೇ ತಿನ್ನುತ್ತಾರೆ.

"ಮನೇಲೂ ಹೀಗೇ. ಕಾಲಿಗೆ ಚಕ್ರ ಕಟ್ಕೊಂಡಿದೀಯಾ ಅಂತ ನಮ್ಮ ಯಜಮಾನ್ರು ಬೈತಾರೆ. ಅವರಿಗೇನು, ಸ್ನಾನದ ತೊಟ್ಟೀಲಿ ಒಂದು ಗಂಟೆ ನಿದ್ದೆ ಹೊಡೀತಾರೆ" ಎನ್ನುತ್ತಾರೆ.

ನಿನ್ನೆ ಸಂಜೆ ಮೇಲಿನ ಅಂತಸ್ತಿನಲ್ಲಿ ಲೇಸರ್ ಕಿರಣಗಳು ಸಾಸಿವೆಗಿಂತ ಸಣ್ಣ ಗುಂಡೊಂದನ್ನು ಸುತ್ತಲಿಂದ ಒಮ್ಮೆಲೇ ಅಮುಕಿವೆ. ಗುಂಡು ಉರಿದು ಪ್ಲಾಸ್ಮಾ ಆಗಿ, ಒಳಗೆ ಪರಮಾಣು ಬೀಜಗಳು ಬೆಸೆದು, ಅಲ್ಲಿಂದ ಪ್ರೋಟಾನ್‌ಗಳು ದಿಕ್ಕಾಪಾಲಾಗಿ ಓಡಿವೆ. ಓಡಿದವುಗಳಲ್ಲಿ ಕೆಲವು ಒಂದು ಸಣ್ಣ ತೂತಿನೊಳಗಿಂದ ತೂರಿ ಈ ಬಿಲ್ಲೆಗೆ ಬಡಿದು, ಉರಿದ ಭಾಗದ ಆಕಾರವನ್ನೇ ಇದರ ಮೇಲೆ ಬಿಟ್ಟುಹೋಗಿವೆ. ಬಡಿದ ಗಾಯ ಕಣ್ಣಿಗೆ ಕಾಣದು. ಸೋಡಾ ನೀರು ಅದನ್ನು ಕೊರೆದು ಅಗಲ ಮಾಡಿದಾಗ ಸೂಕ್ಷ್ಮದರ್ಶಕದಲ್ಲಿ ಗುಳಿ ಕಾಣುತ್ತದೆ. ಬೇಗ ತೆಗೆದರೆ ಗುಳಿ ಮೂಡುವುದಿಲ್ಲ. ತಡವಾದರೆ ಗುಳಿಗಳು ಒಂದರೊಳಗೊಂದು ಬೆರೆತು ಎಣಿಕೆಗೇ ಸಿಗುವುದಿಲ್ಲ.

ಈ ಪ್ರಯೋಗ ಹತಾನೊ ಎಂಬ ಮೂವತ್ತಮೂರರ ಸಂಶೋಧಕನದ್ದು. ಗುಂಡು ಎಲ್ಲ ಕಡೆಯಿಂದಲೂ ಸಮನಾಗಿ ಕುಗ್ಗುತ್ತದೆ ಎಂದು ಮೂರು ವರ್ಷದಿಂದ ಲೆಕ್ಕ ಹಾಕಿ ಕೂತಿದ್ದಾನೆ. ಗುಂಡಿನ ಸುತ್ತ ಇಟ್ಟ ನಾಲ್ಕು ಬಿಲ್ಲೆಗಳಲ್ಲಿ ಮೂರು, ಸಿಡಿದ ಚೂರುಗಳು ಬಡಿದು ಹಾಳಾಗಿವೆ. ಇನ್ನೊಮ್ಮೆ ಅವನ ಸರದಿ ಬರುವುದು ಬರುವ ವರ್ಷ. ಅಷ್ಟರಲ್ಲಿ ಅವನ ನೌಕರಿಯ ಗಡುವೇ ಮುಗಿದಿರುತ್ತದೆ. ಉಳಿದದ್ದು ತೊಟ್ಟಿಯೊಳಗಿನ ಇದೊಂದೇ.

ಸಾಯೊಕೊ ಓದಿದ್ದು ಹೈಸ್ಕೂಲಿನವರೆಗೆ. ಹುಟ್ಟೂರು ಸಬಾಯೆಯಲ್ಲಿ ಹದಿನೆಂಟು ವರ್ಷ ಕನ್ನಡಕದ ಮಸೂರ ಪರೀಕ್ಷಿಸುವ ಕೆಲಸ. ಕಾರ್ಖಾನೆ ಮುಚ್ಚಿದಾಗ ಇಲ್ಲಿಗೆ ಬಂದರು. ಬಿಲ್ಲೆಯ ಪ್ಲಾಸ್ಟಿಕ್ಕೂ ಕನ್ನಡಕದ್ದೇ. ಅದನ್ನು ಬೆಳಕಿಗೆ ಹಿಡಿದೊಡನೆ ಅದರ ಹುಳುಕು ಅವರ ಕಣ್ಣಿಗೆ ಬೀಳುತ್ತದೆ. ಈಗ ವಾರಕ್ಕೆ ನಲವತ್ತು ಬಿಲ್ಲೆ, ಒಂದೊಂದರಲ್ಲೂ ಗುಳಿ ಎಣಿಸಲು ಭಾಗಿಸಿದ ಆರುನೂರು ಚೌಕ. ಯಂತ್ರ ಎಣಿಸುವ ಮೊದಲು ಮೂವತ್ತು ಚೌಕ ಇವರು ಕಣ್ಣಾರೆ ಎಣಿಸುತ್ತಾರೆ. ಲೇಸರ್ ಮುಂದೆ ಫೋಟೊ ತೆಗೆಸಿಕೊಳ್ಳುವ ಗಣ್ಯರಿಗೆ ಈ ನೆಲಮಾಳಿಗೆಗೆ ಇಳಿಯಲು ಪುರುಸೊತ್ತಿಲ್ಲ, ಬಿಡಿ.

ಇಲ್ಲಿಯ ನಿಯಮ ಆರು ಗಂಟೆ. ಹನ್ನೊಂದು ವರ್ಷದ ಹಿಂದೆ ಸಾಯೊಕೊ ಅದನ್ನೇ ನಂಬಿ, ತೊಟ್ಟಿ ಮುಚ್ಚಿ, ಕೂತು ಚಹಾ ಕುಡಿದರು. ಆ ಬಿಲ್ಲೆಗೆ ಪ್ರೋಟಾನ್‌ಗಳು ಕಿಕ್ಕಿರಿದು ಬಡಿದಿದ್ದವು. ಆರು ಗಂಟೆ ಕಳೆದು ತೆಗೆದಾಗ ಅದು ಬರೀ ಮಂಜು. ಒಬ್ಬ ವಿದ್ಯಾರ್ಥಿನಿಯ ಎರಡು ವರ್ಷ ನೀರುಪಾಲು.

"ಅವಳು ನಂಗೇ ಸಮಾಧಾನ ಹೇಳಿದ್ಳು. ಬೈದಿದ್ರೆ ಚೆನ್ನಾಗಿರ್ತಿತ್ತು. ಅವತ್ತಿಂದ ನಂಗೆ ಕೂರಕ್ಕಾಗಲ್ಲ."

ಆರೂ ಮುಕ್ಕಾಲು. ಸಾಯೊಕೊ ತಂತಿ ಎಳೆದು, ಬಿಲ್ಲೆಯನ್ನು ತೊಳೆದು ಸೂಕ್ಷ್ಮದರ್ಶಕದಡಿ ಇಡುತ್ತಾರೆ. ಅದೇ ಹೊತ್ತಿಗೆ ಹತಾನೊ ಓಡೋಡಿ ಬರುತ್ತಾನೆ. ರಾತ್ರಿಯಿಡೀ ಕಣ್ಣು ಮುಚ್ಚಿಲ್ಲವೆಂದು ಮುಖವೇ ಹೇಳುತ್ತದೆ.

"ಏನಮ್ಮಾ ಇದು, ಒಂದೂವರೆ ಗಂಟೆಗೇ ತೆಗೆದುಬಿಟ್ರಾ? ಆರು ಗಂಟೆ ಅಂತ ಬರೆದು ಕೊಟ್ಟಿದ್ನಲ್ಲ."

"ನೀನು ಬರೆದಿದ್ದೆ, ನಾನು ಓದಿದೀನಿ. ಸಾಲದಿದ್ರೆ ಮತ್ತೆ ಮುಳುಗಿಸ್ತೀನಿ. ಕರಗಿ ಹೋಗಿದ್ರೆ ನಿಮ್ಮಜ್ಜಿ ಬಂದು ಅಂಟಿಸ್ತಾಳಾ? ಮೊದ್ಲು ಇಲ್ಲಿ ನೋಡು."

ಹತಾನೊ ಬಗ್ಗುತ್ತಾನೆ. ಗುಳಿಗಳು ಒತ್ತೊತ್ತಾಗಿ, ಆದರೆ ಬಿಡಿಬಿಡಿಯಾಗಿ ನಿಂತಿವೆ. ಇನ್ನೊಂದು ಗಂಟೆ ಬಿಟ್ಟಿದ್ದರೆ ಕಲಸುಮೇಲೋಗರ. ಅವನಿಗೆ ಹೋದ ಜೀವ ಬಂದಂತಾಗುತ್ತದೆ. ಯಂತ್ರ ನಲವತ್ತು ನಿಮಿಷ ಎಣಿಸಿ ಆಕಾರವನ್ನು ಪರದೆಯ ಮೇಲೆ ಮೂಡಿಸುತ್ತದೆ. ದುಂಡಗಿರಬೇಕಿತ್ತು. ಇಲ್ಲ. ಒಂದು ಮಗ್ಗುಲು ಚಪ್ಪಟೆ. ಗುಂಡು ಸಮನಾಗಿ ಕುಗ್ಗಿಲ್ಲ. ಮೂರು ವರ್ಷದ ಲೆಕ್ಕ ತಪ್ಪು.

ಸಾಯೊಕೊ ಉಳಿದಿದ್ದ ಇನ್ನೊಂದು ಅನ್ನದ ಉಂಡೆಯನ್ನು ಹತಾನೊನ ಮುಂದೆ ಸರಿಸುತ್ತಾರೆ. ಅವನು ಅದನ್ನು ಮುಟ್ಟುವುದಿಲ್ಲ.

"ಆರು ಗಂಟೆ ಬಿಟ್ಟಿದ್ರೆ ನನ್ನ ತಪ್ಪು ಯಾರಿಗೂ ಗೊತ್ತಾಗ್ತಾನೇ ಇರ್ಲಿಲ್ಲ" ಎನ್ನುತ್ತಾನೆ.

ಸಾಯೊಕೊ ಕೈಗವಸು ಕಳಚುತ್ತಾ ಹೇಳುತ್ತಾರೆ: "ನಿಂಗೂ ಗೊತ್ತಾಗ್ತಿರ್ಲಿಲ್ಲವಲ್ಲಪ್ಪ."